ಗಡಿಯಲ್ಲಿ ಬಿಚ್ಚಿದ ಸಿಂಬಿ

ಅಯೋಕೊಳ ನೆತ್ತಿಯ ಮೇಲೆ ಅಂಗೈಯಗಲದ ಜಾಗದಲ್ಲಿ ಕೂದಲು ಬೆಳೆಯುವುದಿಲ್ಲ. ವಯಸ್ಸಿನಿಂದ ಉದುರಿದ್ದಲ್ಲ, ಹೊತ್ತು ಹೊತ್ತು ಸವೆದದ್ದು. ನೀರಿನ ಬಾನಿ, ಸೌದೆ ಹೊರೆ, ಈರುಳ್ಳಿ ಬುಟ್ಟಿ, ಹೊಗೆಮೀನಿನ ತಟ್ಟೆ ಎಲ್ಲ ದಿನವೂ ಕೂತೆದ್ದ ಜಾಗ ಅದು. ಅವಳಿರುವ ಘಾನಾದ ಅನ್ಲೋಗಾ ಊರಲ್ಲಿ ಗಂಡಸಿನ ತಲೆ ಬೋಳಾದರೆ ಜನ ಎದ್ದು ಕುರ್ಚಿ ಕೊಡುತ್ತಾರೆ. ಹೆಂಗಸಿನದಾದರೆ ಅವಳೇ ಬಟ್ಟೆ ಕಟ್ಟಿ ಮುಚ್ಚಿಕೊಳ್ಳುತ್ತಾಳೆ. ಅಯೋಕೊ ಈಗ ಕಟ್ಟುವುದಿಲ್ಲ. ಯಾರಾದರೂ ಕೇಳಿದರೆ, "ಒಂಚೂರು ಗಾಳಿ ಆಡ್ಲಿ ಬಿಡು. ಅದೂ ಎಷ್ಟು ಅಂತ ದುಡೀಬೇಕು?" ಅನ್ನುತ್ತಾಳೆ.

ಈ ಧೈರ್ಯ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ದಾರಿಯಲ್ಲಿ ಸಿಕ್ಕಿದ್ದು.

ಅವಳ ತವರು ಅನ್ಲೋಗಾ ಅಲ್ಲ. ಸಮುದ್ರದ ಅಂಚು ಹಿಡಿದು ಮೂಡಣಕ್ಕೆ ಹೊರಟರೆ ಘಾನಾ ಮುಗಿದು ಟೋಗೋ ಬರುತ್ತದೆ. ಟೋಗೋ ಈ ಬದಿಯಲ್ಲಿ ಎಷ್ಟು ಕಿರಿದೆಂದರೆ, ಕಿಟಕಿಗೆ ಒರಗಿ ಒಂದು ಸಣ್ಣ ನಿದ್ದೆ ತೆಗೆದವನಿಗೆ ಆ ದೇಶವೇ ಕಾಣದೆ ಹೋಗಬಹುದು. ಅದು ಮುಗಿದು ಬೆನಿನ್ ನೆಲಕ್ಕೆ ಕಾಲಿಟ್ಟರೆ ಸ್ವಲ್ಪದರಲ್ಲೇ ಅಗ್ವೆ. ಅಲ್ಲಿ ರಸ್ತೆಗೆ ತಾಗಿದ ಮನೆಯಲ್ಲಿ ಅವಳ ಅಕ್ಕ ಅಯೆಲೆ ಇದ್ದಾಳೆ. ಎರಡು ಗಡಿ ದಾಟಿ ಮದುವೆಯಾಗಿ ಬಂದ ಅಯೋಕೊಗೆ ಮತ್ತೆ ತವರಿಗೆ ಹೋಗಿ ಕೂತು ಬರಲು ಪುರುಸೊತ್ತು ಸಿಗಲೇ ಇಲ್ಲ. ಮೊದಲು ಮಕ್ಕಳು ಸಣ್ಣವು, ಆಮೇಲೆ ಅತ್ತೆಗೆ ಕಾಯಿಲೆ, ಆಮೇಲೆ ಈರುಳ್ಳಿ ಮಡಿಗಳಿಗೆ ದಿನಕ್ಕೆರಡು ಸಲ ನೀರು. ಮರಳು ನೆಲದ ಈರುಳ್ಳಿ ಹಸುಗೂಸಿಗಿಂತ ಕಡೆ, ಒಂದು ಹೊತ್ತು ತಪ್ಪಿದರೆ ಮುನಿಸಿಕೊಳ್ಳುತ್ತದೆ.

ಹಾಗೆಂದು ಅವಳು ಅಗ್ವೆಯನ್ನು ಕಾಣದೆ ಇದ್ದಳೆಂದಲ್ಲ. ವರ್ಷ ವರ್ಷವೂ ಕಾಣುತ್ತಿದ್ದಳು, ಓಡುವ ಗಾಡಿಯಿಂದ.

ಅವಳ ಗಂಡ ಅಗ್ಬೆಕೊ. ಅವನ ಅಣ್ಣ ವೆಮೆಗಾನೇ ಮನೆತನದ ಯಜಮಾನ. ಅವರ ಮುತ್ತಜ್ಜ ತೆಂಗಿನ ವ್ಯಾಪಾರಕ್ಕೆ ಹೋಗಿ ಬೆನಿನ್ನಿನ ವಿಡಾದಲ್ಲಿ ತೀರಿಕೊಂಡಿದ್ದ. ಪ್ರತಿ ಆಗಸ್ಟಿನಲ್ಲಿ ವೆಮೆಗಾ ಒಂದು ವ್ಯಾನು ಮಾಡಿ, ಮನೆಯವರನ್ನೆಲ್ಲ ತುಂಬಿಕೊಂಡು, ಮೂರು ದೇಶ ಹಾಯ್ದು ಅಲ್ಲಿರುವ ಅವನ ಗೋರಿಗೆ ಹೋಗಿಬರುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು ಪ್ರವಾಸ. ಗಂಡಸರಿಗೆ ಅದು ಪ್ರವಾಸವೇ. ಲೋಮೆಯ ಸಮುದ್ರದ ಬಳಿ ಬಿಯರಿಗೆ ನಿಲ್ಲುತ್ತಿತ್ತು, ಅನೆಹೊ ಸೇತುವೆಯ ಮೇಲೆ ಫೋಟೊಗೆ ನಿಲ್ಲುತ್ತಿತ್ತು, ಎಳನೀರು ಕಂಡಲ್ಲಿ ನಿಲ್ಲುತ್ತಿತ್ತು. ಯಾವ ಗಂಡಸಿಗಾದರೂ ಉಚ್ಚೆ ಬಂದರೆ, ಅವನು ಬಾಯಿ ತೆರೆಯುವ ಮೊದಲೇ ನಿಲ್ಲುತ್ತಿತ್ತು.

ಹೆಂಗಸರು ಮಾತ್ರ ಹೊರಗಿನ ಕತ್ತಲು ಕರಗುವ ಮೊದಲೇ ಎದ್ದು, ತಾಳೆ ಎಣ್ಣೆಯಲ್ಲಿ ಏಡಿ, ಹೊಗೆಮೀನು ಹಾಕಿ ಬೆಂಡೆಕಾಯಿ ಸಾರು ಕುದಿಸಿ, ಮೆಕ್ಕೆಜೋಳದ ಅಕ್ಪ್ಲೆ ಮುದ್ದೆ ತೊಳಸಿ ಕಟ್ಟಿಕೊಳ್ಳಬೇಕಿತ್ತು. ಗ್ರಾಂಪೊಪೊದ ತೆಂಗಿನ ತೋಪಿನಲ್ಲಿ ಮಧ್ಯಾಹ್ನದ ಊಟ. ಹೊರಗಿನ ಅಡುಗೆ ವೆಮೆಗಾನಿಗೆ ಒಗ್ಗುವುದಿಲ್ಲ. ಹಿಂದಿನ ಸೀಟಿನಲ್ಲಿ ಸಾರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟು, ಗುಂಡಿ ಬಂದಾಗೆಲ್ಲ ಎರಡೂ ಕೈಯಿಂದ ಮುಚ್ಚಳ ಅದುಮಿಕೊಂಡು ಅಯೋಕೊ ಮೂರು ದೇಶ ದಾಟುತ್ತಿದ್ದಳು.

ಅಗ್ವೆ ಬರುವಾಗ ಒಂದು ಕೈ ಮುಚ್ಚಳದಿಂದ ಎತ್ತುತ್ತಿದ್ದಳು. ರಸ್ತೆಯ ಪಕ್ಕ ಬಾದಾಮಿ ಮರದ ಕೆಳಗೆ ಮಣೆ ಹಾಕಿಕೊಂಡು ಅಯೆಲೆ ಕಾದಿರುತ್ತಿದ್ದಳು. ಇವಳು ಕೈ ಬೀಸುವುದು, ಅವಳು ಎದ್ದು ನಿಂತು ಎರಡೂ ಕೈ ಬೀಸುವುದು, ಅಷ್ಟರಲ್ಲಿ ಧೂಳು. "ಭಾವ, ಒಂದು ಗಳಿಗೆ ನಿಲ್ಸಿ" ಎಂದು ಮೊದಮೊದಲು ಕೇಳಿದ್ದಳು. "ಬರೋವಾಗ ನಿಲ್ಸೋಣ ಕಣಮ್ಮ. ಈಗ ನಿಂತ್ರೆ ಊಟಕ್ಕೆ ಹೊತ್ತಾಗಲ್ವಾ?" ಅನ್ನುತ್ತಿದ್ದ ವೆಮೆಗಾ. ಬರುವಾಗ ಗಂಡಸರೆಲ್ಲ ಕುಡಿದು ಗೊರಕೆ ಹೊಡೆಯುತ್ತಿರುತ್ತಿದ್ದರು. ಗಾಡಿ ಮನೆಯ ಕಡೆ ಓಡುತ್ತಿತ್ತು.

ಆ ವರ್ಷ ಅಕ್ಕನ ಫೋನು ಬಂತು. ಎರಡು ಕಣ್ಣಿಗೂ ಪೂರ್ತಿ ಪೊರೆ ಬಂದಿದೆ, ಬೆಳಕು ಕತ್ತಲೆ ಬಿಟ್ಟರೆ ಏನೂ ತಿಳಿಯುವುದಿಲ್ಲ ಎಂದಳು.

"ಈ ಸಲ ಕೈ ಬೀಸ್ಬೇಡ ಕಣೆ, ದಂಡ. ಡ್ರೈವರ್ಗೆ ಹೇಳಿ ಹಾರ್ನ್ ಹೊಡಿಸು. ನನ್ ತಂಗಿ ಹೋದ್ಲು ಅಂತ ಗೊತ್ತಾಗತ್ತೆ."

ಫೋನಿಟ್ಟ ಮೇಲೆ ಅಯೋಕೊ ಈರುಳ್ಳಿ ಮಡಿಯ ನಡುವೆ ಬಹಳ ಹೊತ್ತು ನಿಂತಿದ್ದಳು. ಅಂದು ಎರಡು ಮಡಿಗೆ ನೀರು ತಪ್ಪಿತು.

ಗಂಡನ ಹತ್ತಿರ ಹೇಳಿದಳು. ಅಗ್ಬೆಕೊ ಒಳ್ಳೆಯವನು. ಒಳ್ಳೆಯವನೆಂದರೆ, ಅಣ್ಣನ ಎದುರು ಬಾಯಿ ಬಿಡದವನು. "ನೀನೇ ಕೇಳು, ಇಲ್ಲ ಅನ್ನಲ್ಲ" ಎಂದು ಬಲೆ ಹೆಣೆಯಲು ಕೂತ. ಹೊರಡುವ ಹಿಂದಿನ ದಿನ ಅವಳು ವೆಮೆಗಾನ ಅಂಗಳಕ್ಕೆ ಹೋಗಿ ಕೇಳಿದಳು. ನಿಲ್ಲಿಸುವುದಲ್ಲ, ಹಾರ್ನು. ಬರೀ ಒಂದು ಹಾರ್ನು.

ವೆಮೆಗಾ ನಕ್ಕ. ಸುತ್ತ ಕೂತವರೂ ನಕ್ಕರು.

"ಹಾರ್ನ್ ಎಲ್ಲಮ್ಮ ಸಾಕಾಗತ್ತೆ? ಡೋಲು ಹೊಡ್ಸೋಣ, ಕೊಂಬು ಊದ್ಸೋಣ! ಹೆಂಗಸರ ಮಾತು ಕೇಳ್ಕೊಂಡು ಹೊರಟ್ರೆ ದಾರೀಲಿರೋ ಒಬ್ಬೊಬ್ಬ ಅಕ್ಕಂಗೂ ಹಾರ್ನ್ ಹೊಡೀಬೇಕು. ಸಾರಿಗೆ ಏಡಿ ಜಾಸ್ತಿ ಹಾಕು, ಹೋಗು."

ಅವಳು ಏಡಿ ಜಾಸ್ತಿ ಹಾಕಿದಳು.

ಮೊದಲ ಗಡಿ ದಾಟಿತು. ಲೋಮೆಯ ಬಿಯರು ಮುಗಿಯಿತು, ಅನೆಹೊದ ಫೋಟೊ ಆಯಿತು. ಎರಡನೆಯ ಗಡಿ ಬಂತು, ಟೋಗೋದಿಂದ ಬೆನಿನ್ನಿಗೆ. ಅಲ್ಲಿ ಚಾಲಕನೊಬ್ಬನೇ ಗಾಡಿಯನ್ನು ಮುಂದೆ ಒಯ್ಯುತ್ತಾನೆ. ಜನ ಇಳಿದು, ಗುರುತಿನ ಚೀಟಿ ತೋರಿಸಿ, ಒಂದು ಅಡ್ಡಗಂಬದಿಂದ ಇನ್ನೊಂದು ಅಡ್ಡಗಂಬದವರೆಗೆ ನಡೆದು ದಾಟಬೇಕು. ಚಾಲಕ ಎಡೆಂ ಯಾವತ್ತೂ ಹೇಳುವ ಮಾತು ಹೇಳಿದ: "ಅಕ್ಕ, ಪಾತ್ರೆ ಇಳಿಸ್ಕೊಂಡ್ಬಿಡಿ. ಖಾಲಿ ಗಾಡಿ ಆದ್ರೆ ಬೇಗ ಬಿಡ್ತಾರೆ." ಅಯೋಕೊ ಬಟ್ಟೆ ಸುತ್ತಿ ಸಿಂಬಿ ಮಾಡಿ ನೆತ್ತಿಯ ಮೇಲಿಟ್ಟು ಪಾತ್ರೆ ಹೊತ್ತಳು. ಅವಳ ಓರಗಿತ್ತಿ ಜೀಫಾ ಮುದ್ದೆಯ ಬುಟ್ಟಿ ಹೊತ್ತಳು. ಗಂಡಸರು ಕೈ ಬೀಸಿಕೊಂಡು ಮುಂದೆ ನಡೆದರು. ಬಿಳಿ ನಿಲುವಂಗಿಯ ವೆಮೆಗಾ ಎಲ್ಲರಿಗಿಂತ ಮುಂದೆ.

ತಲೆಯ ಮೇಲೆ ತುಂಬಿದ ಪಾತ್ರೆ ಇದ್ದವರು ಅತ್ತಿತ್ತ ನೋಡುವಂತಿಲ್ಲ. ಅಯೋಕೊ ಇಷ್ಟು ವರ್ಷ ಈ ಗಡಿ ದಾಟಿದ್ದು ಮುಂದೆ ಹೋಗುವವರ ಬೆನ್ನು ನೋಡಿಕೊಂಡೇ. ಅಂದೂ ಹಾಗೆಯೇ ಹೊರಟವಳು, ಎರಡು ಕಂಬಗಳ ನಡುವೆ, ಯಾವ ದೇಶಕ್ಕೂ ಸೇರದ ಆ ಬಿಸಿ ಡಾಂಬರಿನ ಮೇಲೆ ನಿಂತಳು. ಮಂಡಿ ಬಗ್ಗಿಸಿ ಪಾತ್ರೆಯನ್ನು ನೆಲಕ್ಕಿಳಿಸಿದಳು. ತಲೆಯ ಸಿಂಬಿ ತೆಗೆದು, ಬಿಚ್ಚಿ, ಕೊಡವಿ, ಸೊಂಟಕ್ಕೆ ಕಟ್ಟಿಕೊಂಡಳು.

"ಅಕ್ಕಾ, ಏನಾಯ್ತು? ತಲೆ ಸುತ್ತಾ?" ಎಂದಳು ಜೀಫಾ.

"ಇಲ್ವೇ. ಈಗ ನಿಂತಿದೆ."

ವೆಮೆಗಾ ತಿರುಗಿ ನೋಡಿದ. "ಏಯ್, ಯಾಕೆ ಇಳಿಸಿದ್ದು? ನಡಿ ನಡಿ, ಗಾಡಿ ಆ ಕಡೆ ಹೋಗಾಯ್ತು."

"ಅಗ್ವೇಲಿ ನಿಲ್ಸೋದಾದ್ರೆ ಹೊರ್ತೀನಿ, ಭಾವ. ಇಲ್ದಿದ್ರೆ ಪಾತ್ರೆ ನಿಮ್ದು."

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಅಗ್ಬೆಕೊ ಓಡಿ ಬಂದು ಕಿವಿಯ ಬಳಿ, "ಎಲ್ಲರೆದುರು ಇದೇನಿದು, ಬೇಡ ಕಣೆ" ಎಂದ.

"ಯಾರೂ ಇಲ್ದಾಗ ನಿಮ್ಮನ್ನೇ ಕೇಳಿದ್ನಲ್ಲ" ಎಂದಳು ಅವಳು, ಪಿಸುಗುಟ್ಟದೆ.

ಗಡಿಯಲ್ಲಿ ಬ್ರೆಡ್ಡು ಮಾರುವವರು, ದುಡ್ಡು ಬದಲಿಸುವ ಹೆಂಗಸರು, ಎಳನೀರಿನವಳು ಎಲ್ಲರೂ ಬಂದು ಸುತ್ತ ನಿಂತರು. ವೆಮೆಗಾನಿಗೆ ಕೋಪಕ್ಕಿಂತ ಅವಸರ ಹೆಚ್ಚಿತ್ತು. "ಜೀಫಾ, ನೀನು ಹೊರು."

ಜೀಫಾ ಬುಟ್ಟಿಯ ಕೆಳಗಿಂದ ಕಣ್ಣಷ್ಟೇ ಹೊರಳಿಸಿದಳು. "ನಂಗಿರೋದು ಒಂದೇ ತಲೆ, ಭಾವ."

ಎಳನೀರಿನವಳು ಕಿಸಕ್ಕೆಂದಳು. "ಯಜಮಾನ್ರೇ, ನಿಮ್ ತಲೆ ಖಾಲಿ ಇದ್ಯಲ್ಲ! ಚಪ್ಪಟೆಯಾಗೂ ಇದೆ, ಸಿಂಬಿನೂ ಬೇಕಾಗಲ್ಲ."

ವೆಮೆಗಾ ಅಗ್ಬೆಕೊನಿಗೆ ಸನ್ನೆ ಮಾಡಿದ. ಅಣ್ಣತಮ್ಮ ಇಬ್ಬರೂ ಪಾತ್ರೆಯ ಎರಡು ಕಿವಿ ಹಿಡಿದು ಎತ್ತಿದರು. ಅಣ್ಣ ಉದ್ದ, ತಮ್ಮ ಗಿಡ್ಡ. ನಾಲ್ಕು ಹೆಜ್ಜೆಗೆ ಮುಚ್ಚಳ ಜಾರಿತು, ಲೋಳೆ ಲೋಳೆ ಸಾರು ನಿಲುವಂಗಿಯ ಮೇಲೆ ಎದೆಯಿಂದ ಮಂಡಿಯವರೆಗೆ ಇಳಿಯಿತು. ಒಂದು ಏಡಿಕಾಲು ಅಂಗಿಯ ಗುಂಡಿಗೆ ಸಿಕ್ಕಿಕೊಂಡಿತು. ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು.

"ಆಯ್ತಮ್ಮ, ಆಯ್ತು" ಎಂದು ವೆಮೆಗಾ ಹಲ್ಲು ಕಚ್ಚಿದ. "ಹಾರ್ನ್ ತಾನೆ ನಿಂಗೆ ಬೇಕಾಗಿದ್ದು? ಹೊಡಿಸ್ತೀನಿ. ಹೊರು."

"ಹಾರ್ನ್ ನಿನ್ನೆ ಕೇಳಿದ್ದು, ಭಾವ. ಇವತ್ತು ಕೇಳ್ತಿರೋದು ನಿಲ್ಸೋದು."

"ಬರೋವಾಗ."

"ಹೋಗೋವಾಗ."

"ಹಾಗಾದ್ರೆ ಇಲ್ಲೇ ಬಿದ್ದಿರು!" ಎಂದು ಅವನು ಕೂಗಿದ. "ನಾವ್ ಬಿಟ್ ಹೋಗ್ತೀವಿ. ನಡುನೀರಲ್ಲಿ ನಿಂತ್ಕೊ. ಏನ್ ಮಾಡ್ತೀಯೋ ನೋಡೋಣ."

ಏನು ಮಾಡಬಹುದೆಂದು ಅಯೋಕೊ ನಿಜವಾಗಿಯೂ ಯೋಚಿಸಿದಳು. ಕುತ್ತಿಗೆ ತಾನಾಗಿಯೇ ಹೊರಳಿತು. ಎಡಗಡೆ ತೆಂಗಿನ ಸಾಲಿನ ಆಚೆ ಹಿನ್ನೀರು ಹೊಳೆಯುತ್ತಿತ್ತು. ಬಲಗಡೆ ಸಮುದ್ರದ ಸದ್ದು. ಆ ಕಡೆಯ ಕಂಬದ ಹಿಂದೆ ಬಾಡಿಗೆ ಬೈಕಿನವರು ಗಿರಾಕಿಗಾಗಿ ಅರಚುತ್ತಿದ್ದರು: "ಅಗ್ವೆ! ಅಗ್ವೆ! ಗ್ರಾಂಪೊಪೊ!" ಎಷ್ಟೊಂದು ವರ್ಷ ಈ ಕೂಗಿನ ಪಕ್ಕದಲ್ಲೇ ನಡೆದುಹೋಗಿದ್ದಳು. ಕೇಳಿಸಿತ್ತು, ತನಗೆ ಹೇಳಿದ್ದೆಂದು ಅನ್ನಿಸಿರಲಿಲ್ಲ. ಗಾಡಿ ನಿಂತರೆ ತಾನೆ ಅಕ್ಕ ಸಿಗುವುದು ಎಂದೇ ಅವಳು ತಿಳಿದಿದ್ದು. ಪಾತ್ರೆ ಎಲ್ಲಿಗೋ ತಾನೂ ಅಲ್ಲಿಗೆ. ಈಗ ಪಾತ್ರೆ ಅಲ್ಲಿ ನೆಲದ ಮೇಲಿತ್ತು, ತಾನು ಇಲ್ಲಿ ನಿಂತಿದ್ದಳು.

ಅವಳಿಗೆ ನಗು ಬಂತು.

"ಬಿಟ್ಟೋಗಿ ಭಾವ. ನಾನೇ ಹೋಗ್ತೀನಿ."

ಬೆನಿನ್ನಿನ ಕಂಬದ ಬಳಿ ಅಧಿಕಾರಿ ಅವಳ ಚೀಟಿ ತಿರುಗಿಸಿ ನೋಡಿದ. ಪ್ರತಿ ಸಲ ಈ ಪ್ರಶ್ನೆಗೆ ಎಲ್ಲರ ಪರವಾಗಿ ಉತ್ತರ ಕೊಡುತ್ತಿದ್ದವನು ವೆಮೆಗಾ.

"ಎಲ್ಲಿಗಮ್ಮ?"

"ಅಕ್ಕನ ಮನೆಗೆ."

"ಸಾಮಾನು?"

"ಏನೂ ಇಲ್ಲ" ಎಂದಳು ಅಯೋಕೊ. ಆ ಎರಡು ಮಾತು ಬಾಯಲ್ಲಿ ಎಷ್ಟು ರುಚಿಯಾಗಿದ್ದವೆಂದರೆ ಇನ್ನೊಮ್ಮೆ ಹೇಳಿದಳು. "ಏನೂ ಇಲ್ಲಪ್ಪ ನನ್ ಹತ್ರ."

ಬೈಕಿನ ಮೇಲೆ ಎರಡು ಕಡೆ ಕಾಲು ಹಾಕಿ ಕೂತಳು. ತಲೆಯ ಮೇಲಿಲ್ಲ, ತೊಡೆಯ ಮೇಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ದಾರಿಯುದ್ದಕ್ಕೂ ಸೊಂಟದ ಬಟ್ಟೆಯನ್ನೇ ಹಿಡಿದುಕೊಂಡಿದ್ದಳು.

ಅಯೆಲೆ ಬಾದಾಮಿ ಮರದ ಕೆಳಗೆ, ಹೇಳಿದ ಹಾಗೆಯೇ, ಕಿವಿಯನ್ನು ರಸ್ತೆಗೆ ಕೊಟ್ಟು ಕೂತಿದ್ದಳು. ಬೈಕು ನಿಂತಿತು. "ಯಾರಪ್ಪ ಅದು? ಆ ಕಡೆ ನಿಲ್ಸು. ವ್ಯಾನಿನ ಸದ್ದು ಕೇಳಲ್ಲ ನಂಗೆ" ಎಂದು ಗದರಿದಳು.

ಅಯೋಕೊ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಅಕ್ಕನ ಕೈಯನ್ನೆತ್ತಿ ತನ್ನ ನೆತ್ತಿಯ ಮೇಲಿಟ್ಟಳು. ಬೆರಳುಗಳು ಆ ಬೋಳು ಜಾಗದ ಅಂಚನ್ನು ಒಂದು ಸುತ್ತು ಹಾಕಿದವು, ಆಮೇಲೆ ಕಿವಿಗೆ, ಗಲ್ಲಕ್ಕೆ ಇಳಿದವು.

"ಅಯ್ಯೋ ಮುಂಡೇದೆ" ಎಂದಳು ಅಯೆಲೆ. "ಅಮ್ಮನ ತಲೇನೂ ಹಿಂಗೇ ಇತ್ತಲ್ಲೇ."

ಆಮೇಲೆ ಇಬ್ಬರೂ ಒಂದೇ ಮಣೆಯ ಮೇಲೆ ಅಂಟಿಕೊಂಡು ಕೂತರು. ಅಕ್ಕನ ಮೊಮ್ಮಗಳು ಹುರಿದ ಮೀನು, ಮುದ್ದೆ ತಂದುಕೊಟ್ಟಳು. ಬೇರೆಯವರು ಬಡಿಸಿದ್ದನ್ನು ಅಯೋಕೊ ಕೂತಲ್ಲೇ ತಿಂದಳು. ತಿಂದು ತಟ್ಟೆಯನ್ನು ಪಕ್ಕಕ್ಕಿಟ್ಟಳು, ತೊಳೆಯಲು ಏಳಲಿಲ್ಲ.

ನಿಲ್ಲದೆ ಮುಂದೆ ಹೋಗಿದ್ದ ವ್ಯಾನು ವಾಪಸು ಬಂದಾಗ ಹೊತ್ತು ಬಹಳ ಇಳಿದಿತ್ತು. ಅದು ಮೊದಲೇ ನಿಧಾನವಾಗಿತ್ತು, ಮರದೆದುರು ಪೂರ್ತಿ ನಿಂತಿತು. ಮುಂದಿನ ಸೀಟಿನಲ್ಲಿ ವೆಮೆಗಾ ಕೂತಿದ್ದ. ಅವನ ತೊಡೆಯ ಮೇಲೆ ಪಾತ್ರೆ, ಮುಚ್ಚಳದ ಮೇಲೆ ಎರಡೂ ಕೈ.

ಜೀಫಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಗ್ರಾಂಪೊಪೊದಲ್ಲಿ ಯಾರೂ ಉಣ್ಲಿಲ್ಲ. ಅಕ್ಕ ಇಲ್ದೆ ನಾನೊಬ್ಳೇ ಬಡಿಸಲ್ಲ ಅಂದ್ಬಿಟ್ಟೆ, ಅಕ್ಕಾ! ಗುಂಡಿ ಗುಂಡಿಗೂ ಬೈಕೊಂಡು ಬಂದ್ರು."

ಅಗ್ಬೆಕೊ ಇಳಿದ. ಹೆಂಡತಿಯ ಮುಖ ನೋಡಿದ, ಅವಳ ಅಕ್ಕನ ಕಣ್ಣು ನೋಡಿದ. ಹೋಗಿ ಅಣ್ಣನ ತೊಡೆಯಿಂದ ಪಾತ್ರೆ ಇಳಿಸಿಕೊಂಡು ಮರದ ನೆರಳಿಗೆ ತಂದ. "ತಟ್ಟೆ ಎಲ್ಲಿವೆ?" ಎಂದು ಮೆಲ್ಲಗೆ ಕೇಳಿದ.

"ಹಿಂದಿನ ಸೀಟಿನ ಕೆಳಗೆ" ಎಂದಳು ಅಯೋಕೊ. "ನನ್ ಕಾಲಿಡೋ ಜಾಗದಲ್ಲಿ."

"ಯಾರೇ ಅದು?" ಎಂದಳು ಅಯೆಲೆ.

"ದಾರಿಹೋಕರು ಅಕ್ಕಾ. ಹಸಿವಾಗಿದ್ಯಂತೆ."

ಅವರು ತಾವೇ ಬಡಿಸಿಕೊಂಡರು. ಒಬ್ಬನಿಗೆ ಬರೀ ಲೋಳೆ ಸಿಕ್ಕಿತು, ಒಬ್ಬನಿಗೆ ಏಡಿಯೆಲ್ಲ ಬಂತು. ವೆಮೆಗಾ ಗಾಡಿಯಲ್ಲೇ ಕೂತು, ಇತ್ತ ನೋಡದೆ ತಿಂದ. ತಟ್ಟೆಗಳನ್ನು ಹಾಗೇ ಪಾತ್ರೆಯೊಳಗೆ ಗುಡ್ಡೆ ಹಾಕಿಕೊಂಡು ಗಂಡಸರು ಹತ್ತಿದರು. ಎಂಜಿನ್ನು ಶುರುವಾಯಿತು. ಗಾಡಿ ನಿಂತೇ ಇತ್ತು.

ಎಡೆಂ ಹಾರ್ನ್ ಹೊಡೆದ. ಉದ್ದವಾಗಿ, ಆಮೇಲೆ ಇನ್ನೊಮ್ಮೆ.

"ಕರೀತಿದಾರೆ ಕಣೆ" ಎಂದಳು ಅಯೆಲೆ.

"ಕೇಳಿಸ್ತು" ಎಂದು ಅಯೋಕೊ ಮರಕ್ಕೊರಗಿ ಕಾಲು ಚಾಚಿದಳು.