ಅಣ್ಣನ ಕಾರಿನ ಮೆತ್ತನೆಯ ಕ್ಲಚ್

ನಾನು ಹಿರಿಯೂರಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಕಾಲದಲ್ಲಿ ನನ್ನಣ್ಣ ಬಾಡಿಗೆ ಕಾರು ಓಡಿಸುತ್ತಿದ್ದ. ಹಳೆಯ ಡೀಸೆಲ್ ಕಾರು. ಎರಡು ಸಾವಿರದ ಇಸವಿ ಹೊತ್ತಿಗೇ ಅದಕ್ಕೆ ವಯಸ್ಸಾಗಿತ್ತು. ಮದುವೆ ಹೆಣ್ಣನ್ನು ಕರೆತರುವುದು, ಬಸುರಿಯರನ್ನು ಚಿತ್ರದುರ್ಗದ ಆಸ್ಪತ್ರೆಗೆ ಒಯ್ಯುವುದು, ಭೀಮಸಮುದ್ರದ ಅಡಿಕೆ ವ್ಯಾಪಾರದವರನ್ನು ಸುತ್ತಿಸುವುದು, ಎಲ್ಲಕ್ಕೂ ಜನ ಅವನನ್ನೇ ಕೇಳಿಕೊಂಡು ಬರುತ್ತಿದ್ದರು. ಅವನು ಗೇರ್ ಬದಲಿಸಿದ್ದು ಹಿಂದೆ ಕೂತವರಿಗೆ ಗೊತ್ತೇ ಆಗುತ್ತಿರಲಿಲ್ಲ. ಅಪ್ಪ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದವನೂ ಗ್ಯಾರೇಜಿನ ಕೆಲಸಕ್ಕೆ ಹಚ್ಚಿದವನೂ ಅವನೇ.

ಒಂದು ಬೆಳಿಗ್ಗೆ ಕಾರು ತಂದು ನಿಲ್ಲಿಸಿ, "ಕ್ಲಚ್ ಮೆತ್ತಗಾಗೈತೆ ನೋಡೋ. ಕಾಲಿಟ್ರೆ ಏನೂ ಸಿಗಲ್ಲ" ಅಂದ.

ಬಾನೆಟ್ ಎತ್ತಿ ನೋಡಿದೆ. ಕ್ಲಚ್ ಎಣ್ಣೆಯ ಡಬ್ಬಿಯಲ್ಲಿ ಎಣ್ಣೆ ಇಳಿದಿತ್ತು. ಕಾರಿನಡಿ ನುಗ್ಗಿದರೆ ಗೇರ್‌ಬಾಕ್ಸಿನ ಪಕ್ಕದ ಸಣ್ಣ ಸಿಲಿಂಡರಿನ ಬಾಯಿ ಒದ್ದೆಯಾಗಿತ್ತು. ಅದರೊಳಗಿನ ರಬ್ಬರ್ ಸವೆದರೆ ಎಣ್ಣೆ ಸೋರಿ ಆ ಜಾಗಕ್ಕೆ ಗಾಳಿ ಸೇರುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಹೊಸ ರಬ್ಬರ್ ಹಾಕಿದೆ. ಗಾಳಿ ತೆಗೆಯಲು ಅಣ್ಣ ಸೀಟಿನಲ್ಲಿ ಕೂತು ಪೆಡಲ್ ತುಳಿದ, ನಾನು ಕೆಳಗೆ ಮಲಗಿ ಸಿಲಿಂಡರಿನ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿದೆ.

"ಒತ್ತಣ್ಣ. ಹಂಗೇ ಹಿಡ್ಕ. ಈಗ ಬಿಡು."

ಗುಳ್ಳೆ ನಿಂತು ಬರೀ ಎಣ್ಣೆ ಬಂದ ಮೇಲೆ ಬಿಗಿದೆ. ನಾನೇ ತುಳಿದು ನೋಡಿದೆ. ಪೆಡಲ್ ಗಟ್ಟಿಯಾಗಿತ್ತು.

ವಾರ ಕಳೆಯುವುದರೊಳಗೆ ಮತ್ತೆ ಬಂದ. "ಇನ್ನೂ ಹಂಗೇ ಐತೆ."

ಡಬ್ಬಿಯ ಎಣ್ಣೆ ಒಂದಿಷ್ಟೂ ಇಳಿದಿರಲಿಲ್ಲ. ಆದರೂ ಪೆಡಲಿನ ಕಡೆಯ ಸಿಲಿಂಡರು ಒಳಗೊಳಗೇ ಕೆಟ್ಟಿರಬಹುದೆಂದು ಚಿತ್ರದುರ್ಗದಿಂದ ಹೊಸದು ತರಿಸಿ ಹಾಕಿದೆ. ಒತ್ತಿದಾಗ ರಬ್ಬರ್ ಪೈಪು ಉಬ್ಬುತ್ತದೆಯೇ ಎಂದು ಕೈಯಲ್ಲಿ ಹಿಡಿದು ನೋಡಿ, ಅನುಮಾನ ಬೇಡವೆಂದು ಅದನ್ನೂ ಬದಲಿಸಿದೆ. ಹೊಳಲ್ಕೆರೆಗೆ ನಾನೇ ಓಡಿಸಿಕೊಂಡು ಹೋಗಿ ಬಂದೆ. ಕಾರಿನಲ್ಲಿ ಏನೂ ದೋಷವಿರಲಿಲ್ಲ.

"ನಿನಗೆ ಗಟ್ಟಿ ಅನ್ನಿಸ್ತೈತೆ," ಅಂದ ಅಣ್ಣ. "ನಾನು ತುಳಿದ್ರೆ ಹತ್ತಿ ಮೇಲೆ ಕಾಲಿಟ್ಟಂಗಾಗ್ತೈತೆ. ಮೊದ್ಲು ನೀನು ಹಿಂಗೆ ಕೆಲಸ ಮಾಡ್ತಿರಲಿಲ್ಲ ಬಿಡು."

ನನ್ನ ಕೆಲಸದಲ್ಲಿ ಅವನು ತಪ್ಪು ಹುಡುಕಿದ್ದು ಅದೇ ಮೊದಲು. ನೋವಾಯಿತು. "ನೀನು ಓಡ್ಸಣ್ಣ, ಪಕ್ಕದಾಗೆ ಕುಂತು ನೋಡ್ತೀನಿ" ಅಂದೆ.

ಹೊಸದುರ್ಗದ ಕಡೆ ಹೊರಟೆವು. ಗೇರ್ ಬದಲಿಸುವಾಗಲೆಲ್ಲ ಅಣ್ಣ ರಸ್ತೆಯಿಂದ ಕಣ್ಣು ತೆಗೆದು ತನ್ನ ಕಾಲನ್ನು ನೋಡಿಕೊಳ್ಳುತ್ತಿದ್ದ. ಹೊಸದಾಗಿ ಕಲಿಯುವವರು ಹಾಗೆ ಮಾಡುತ್ತಾರೆ. ನಾನೂ ಬಗ್ಗಿ ನೋಡಿದೆ. ಎಡಗಾಲಿನ ಚಪ್ಪಲಿ ಜಾರಿ ಸೀಟಿನಡಿ ಸೇರಿತ್ತು. ಪಾದದ ಅಂಚು ಮಾತ್ರ ಪೆಡಲಿನ ಮೇಲಿತ್ತು.

"ಅಣ್ಣ, ಚಪ್ಪಲಿ ಎಲ್ಲಿ?"

"ಕಾಲಾಗೈತೆ," ಅಂದ.

ಒಂದು ಹುಣಸೆ ಮರದ ಕೆಳಗೆ ನಿಲ್ಲಿಸಲು ಹೇಳಿದೆ. ಅವನ ಕಡೆಯ ಬಾಗಿಲು ತೆಗೆದು, ನೆಲದ ಮೇಲೆ ಕೂತು, ಆ ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡೆ. ಹೆಬ್ಬೆರಳಿನ ಬುಡದಲ್ಲಿ ಜಾಲಿ ಮುಳ್ಳು ಮುರಿದುಕೊಂಡಿತ್ತು. ಸುತ್ತ ಕಪ್ಪಾಗಿ ಕೀವು ತುಂಬಿತ್ತು. ಅಲ್ಲೇ ಬೆರಳಿಟ್ಟು ಜೋರಾಗಿ ಒತ್ತಿದೆ. ಅಣ್ಣ ರಸ್ತೆಯಲ್ಲಿ ಹೋಗುತ್ತಿದ್ದ ಕುರಿಹಿಂಡನ್ನು ನೋಡುತ್ತಿದ್ದ. ಅವನ ಮುಖ ಕದಲಲಿಲ್ಲ.

ನಾನು ತೋರಿಸಿದ ಮೇಲೆ ಬಗ್ಗಿ ಗಾಯ ನೋಡಿದ. "ಹಂಗಾರೆ ಕ್ಲಚ್ ಸರಿಯಾಗೇ ಐತೆ," ಅಂದ. ಇಳಿದು ಸುತ್ತಿ ಬಂದು ನನ್ನ ಜಾಗದಲ್ಲಿ ಕೂತ. "ನೀನೇ ಓಡ್ಸು. ಊರಿಗೆ ಹೋಗಾಣ."

ಚಿತ್ರದುರ್ಗದ ಡಾಕ್ಟರು ಸಕ್ಕರೆ ಕಾಯಿಲೆ ಅಂದರು. ಎಷ್ಟು ವರ್ಷದಿಂದ ಒಳಗೇ ಇತ್ತೋ, ಪಾದದ ನರ ಸತ್ತುಹೋಗಿತ್ತು. ಮೊದಲು ಬೆರಳು ತೆಗೆದರು. ಗಾಯ ಮಾಯದೆ ಮೇಲೇರಿದಾಗ ಅರ್ಧ ಪಾದವೇ ಹೋಯಿತು. ಅತ್ತಿಗೆ ವಾರ್ಡಿನ ಹೊರಗೆ ಗೋಡೆಗೊರಗಿ ಕೂತಿದ್ದರು. "ನಮ್ಮ ಬಾಗೂರಿನ ಹೊಲ್ದಾಗೆ ಚುಚ್ಚಿರಬೇಕಪ್ಪ. ಬರಿಗಾಲಾಗೆ ಓಡಾಡಿದ್ರು. ಒಂದ್ಸಲ ಅಯ್ಯೋ ಅಂದಿದ್ರೆ ನಾನೇ ಪಿನ್ನಾಗೆ ತೆಗೀತಿದ್ದೆ" ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

ಮನೆಗೆ ಬಂದ ಮೇಲೆ ಅಣ್ಣ ಕೇಳಿದ: "ಕ್ಲಚ್ ಕೈಯಾಗೆ ಒತ್ತೋ ಹಂಗೆ ಮಾಡಕಾಗಲ್ವೇನೋ?"

ಮಾಡಬಹುದಿತ್ತು. ಪೆಡಲಿಗೊಂದು ಸರಳು ಬೆಸೆದು ಮೇಲಕ್ಕೆ ತಂದರೆ ಸಾಕು. ಆದರೆ ಬ್ರೇಕಿಗೆ ಬಲಗಾಲು ಬೇಕಲ್ಲ. ಕಣ್ಣು ಮುಚ್ಚಿಕೊಳ್ಳಲು ಹೇಳಿ ಅವನ ಬಲಗಾಲಿನ ಬೆರಳುಗಳನ್ನು ಒಂದೊಂದಾಗಿ ಹಿಡಿದೆ. "ಯಾವ್ದು ಹಿಡಿದೀನಿ ಹೇಳಣ್ಣ."

ಅವನು ಕಾದ. ಆಮೇಲೆ ಕಣ್ಣು ಮುಚ್ಚಿಕೊಂಡೇ, "ಹಿಡ್ಕಂಡಿದೀಯೇನೋ?" ಅಂದ.

ಸರಳಿನ ಮಾತು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಕಾರನ್ನು ಹೊಳಲ್ಕೆರೆಯ ಒಬ್ಬರು ಕೊಂಡರು. ಅವರು ಬಂದ ದಿನ ಅಣ್ಣ ಕೋಲು ಹಿಡಿದು ಬೀದಿಗೆ ಬಂದು, "ಎರಡನೇ ಗೇರ್ ಸ್ವಲ್ಪ ನಿಧಾನಕ್ಕೆ ಹಾಕ್ರಿ, ಅದರ ಸ್ವಭಾವ ಹಂಗೆ" ಎಂದಷ್ಟೇ ಹೇಳಿ ಒಳಗೆ ಹೋದ.

ಆಮೇಲೆ ಗಾಯದ ಪಟ್ಟಿ ಬದಲಿಸಲು ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅಣ್ಣ ಡ್ರೈವರನ ಹಿಂದಿನ ಸೀಟೇ ಬೇಕೆನ್ನುತ್ತಿದ್ದ. ದಾರಿಯುದ್ದಕ್ಕೂ ಡ್ರೈವರನ ಕಾಲನ್ನೇ ನೋಡುತ್ತಾ ಕೂರುತ್ತಿದ್ದ. ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಎರಡನೆಯ ಮಳೆಗಾಲಕ್ಕೆ ಕಿಡ್ನಿಯೂ ಕೈಕೊಟ್ಟಿತು. ದೀಪಾವಳಿಗೆ ಮುಂಚೆ ಅಣ್ಣ ತೀರಿಕೊಂಡ.