ಎರಡು ಕಾಟಾ, ಒಂದು ಅನುಮಾನ

‘ನನ್ನ ಹತ್ತಿಗೆ ತೂಕ ಜಾಸ್ತಿ ಬರೆದಿದ್ದೀರಿ’ ಎಂದು ಯಾರಾದರೂ ತಕರಾರು ತೆಗೆದದ್ದನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ.

ಎಂಬತ್ತರ ದಶಕದ ಕೊನೆ. ರಾಯಚೂರಿನ ಒಂದು ಹತ್ತಿ ಮಿಲ್ಲಿನಲ್ಲಿ (ಹೆಸರು ಬೇಡ) ನಾನು ಕಂಪ್ಯೂಟರ್ ಆಪರೇಟರ್. ಕಲ್ಲೂರಿನ ಹಿರಿಯ ರೈತರೊಬ್ಬರು ಚೀಟಿ ಹಿಡಿದು ನನ್ನ ಕಿಟಕಿಗೆ ಬಂದರು.

“ತಂದದ್ದು ಒಂದ ಅಂಡಿಗಿ. ಚೀಟ್ಯಾಗ ಆರು ಅಂಡಿಗಿ ತೂಕ ಅದ. ನನ್ನ ಹತ್ತಿ ದಾರ್ಯಾಗ ಮರಿ ಹಾಕ್ಯಾದೇನ್ರಿ?”

(ಅಂಡಿಗೆ ಎಂದರೆ ಹತ್ತಿ ತುಂಬಿದ ದೊಡ್ಡ ಚೀಲ.) ಹಮಾಲರೆಲ್ಲ ನಕ್ಕರು. ಮ್ಯಾನೇಜರು ನಗಲಿಲ್ಲ.

“ಯಾವ ಕಾಟಾ?” ಎಂದು ತೂಕದ ಯಂತ್ರಗಳ ಕಡೆ ನೋಡಿದರು.

“ಎರಡನೇದ್ರಿ.”

“ಅದರಾಗ ತೂಗೋ ಯಂಕಮ್ಮನ ಊರು ಯಾವುದು?” ಎಂದು ಮ್ಯಾನೇಜರು ನನ್ನತ್ತ ತಿರುಗಿದರು.

“ಕಲ್ಲೂರು,” ಎಂದೆ.

ಅಷ್ಟೇ. ಮುದುಕ ಪ್ರಾಮಾಣಿಕನಾಗಿದ್ದೇ ಯಂಕಮ್ಮನಿಗೆ ಕುತ್ತಾಯಿತು.

ಮಿಲ್ಲಿಗೆ ಆಗಷ್ಟೇ ಎರಡು ಎಲೆಕ್ಟ್ರಾನಿಕ್ ಕಾಟಾ ಬಂದಿದ್ದವು. ಹತ್ತಿ ಇಟ್ಟು ಗುಂಡಿ ಒತ್ತಿದರೆ ತೂಕ ವೈರಿನ ಮೂಲಕ ನನ್ನ ಕಂಪ್ಯೂಟರಿಗೆ ಬರುತ್ತಿತ್ತು. ಪ್ರಿಂಟರಿನಿಂದ ಚೀಟಿ ಹೊರಬೀಳುತ್ತಿತ್ತು. ಮೊದಲ ಕಾಟಾದಲ್ಲಿ ದೇವದುರ್ಗದ ಶರಣಪ್ಪ, ಮ್ಯಾನೇಜರ ಅಕ್ಕನ ಮಗ. ಎರಡನೆಯದರಲ್ಲಿ ಯಂಕಮ್ಮ. ಅಪ್ಪ ಅವ್ವ ಇಬ್ಬರೂ ಕೂಲಿ. ಎಸ್ಸೆಸ್ಸೆಲ್ಸಿ ಪಾಸಾಗಿ, ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದ ಮೊದಲಿಗಳು.

ಕೆಲವು ದಿನಗಳಾದ ಮೇಲೆ ದೇವದುರ್ಗದ ರೈತನೊಬ್ಬನ ಆರೇಳು ಅಂಡಿಗೆಗೆ ಅವಳ ಕಾಟಾದಲ್ಲಿ ಒಂದೇ ಅಂಡಿಗೆಯ ತೂಕ ಬಂತು. ಅವನು ಮಿಲ್ಲೇ ಕಿತ್ತುಹೋಗುವಂತೆ ಕೂಗಾಡಿದ. ಅನುಮಾನ ಗಟ್ಟಿಯಾಯಿತು: ತನ್ನ ಊರಿನವರಿಗೆ ಜಾಸ್ತಿ, ಪರವೂರಿನವರಿಗೆ ಕಡಿಮೆ!

(ಶರಣಪ್ಪನ ಕಾಟಾದಲ್ಲೂ ಹೀಗಾಗಿತ್ತು. ಅದನ್ನು ‘ಕೈತಪ್ಪು’ ಎಂದು ಮತ್ತೆ ತೂಗಿದ್ದರು.)

ಮ್ಯಾನೇಜರು ಶರಣಪ್ಪನನ್ನೇ ಯಂಕಮ್ಮನ ಪಕ್ಕ ಕಾವಲು ನಿಲ್ಲಿಸಿದರು. ಅಂದು ಒಂದೂ ತಪ್ಪಿಲ್ಲ. ಮರುದಿನವೂ ಇಲ್ಲ.

“ನೋಡಿದ್ಯಾ? ಕಣ್ಣಿಟ್ರ ತಪ್ಪಾಗಂಗಿಲ್ಲ, ಕಣ್ಣು ತೆಗೆದ್ರ ಆಗ್ತದ. ಇನ್ನೇನ್ ಸಾಕ್ಷಿ ಬೇಕು?” ಎಂದರು ಮ್ಯಾನೇಜರು. ಆ ಮಾತು ನನಗೂ ಸರಿ ಎನಿಸಿತು. ನಿಮಗೆ ಅನಿಸುತ್ತಿರಲಿಲ್ಲವೇ?

ಕೆಲಸ ಬಿಡಿಸಿದ ದಿನ ಯಂಕಮ್ಮ ನನ್ನ ಕಿಟಕಿಗೆ ಬಂದಳು. “ಸರ್, ನಾ ಗುಂಡಿ ಒತ್ತೀನಿ, ಅಷ್ಟ. ತೂಕ ಬರಿಯೋದು ನಿಮ್ಮ ಪೆಟ್ಟಿಗಿ. ಅದನ್ನ ಯಾಕ ಯಾರೂ ಕೇಳವಲ್ರು?”

“ಮಷೀನು ಸುಳ್ಳು ಹೇಳಂಗಿಲ್ಲವ್ವಾ,” ಎಂದೆ.

ಅವಳು ಚೀಲ ಎತ್ತಿಕೊಂಡು ಗೇಟಿನ ಕಡೆ ನಡೆದಳು.

ಅವಳ ಜಾಗಕ್ಕೆ ಮ್ಯಾನೇಜರು ತಮ್ಮ ನಂಬಿಕೆಯ ಗುಮಾಸ್ತನನ್ನು ಕೂರಿಸಿದರು. ವಾರ ತುಂಬುವಷ್ಟರಲ್ಲಿ ಮತ್ತೆ ಅದೇ ತಪ್ಪು! ಈಗ ಯಾರ ಸರದಿ?

“ಚೀಟಿ ನಿನ್ನ ಕೋಣ್ಯಾಗಿಂದನ ಬರ್ತಾವಲ್ಲಪ್ಪಾ?” ಎಂದು ಮ್ಯಾನೇಜರು ನನ್ನ ಮುಖವನ್ನೇ ನೋಡಿದರು. ಹಮಾಲರು ಪಿಸುಗುಟ್ಟಿದರೆ ನನ್ನ ಬಗ್ಗೆಯೇ ಎನಿಸತೊಡಗಿತು. ಅನುಮಾನ ನನ್ನ ಮೈಗೆ ಹತ್ತಿದ ಮೇಲೆಯೇ ನನ್ನ ತಲೆ ಓಡಿದ್ದು. ಶರಣಪ್ಪ ಕಾವಲು ನಿಂತಿದ್ದ ಆ ಎರಡು ದಿನ ಅವನ ಕಾಟಾ ಖಾಲಿ ಇತ್ತಲ್ಲ! ಓಡಿದ್ದು ಒಂದೇ ಕಾಟಾ.

ಕಂಪ್ಯೂಟರ್ ಕೂರಿಸಿದ ಎಂಜಿನಿಯರನ್ನು ಹೈದರಾಬಾದಿನಿಂದ ಕರೆಸಿದೆವು. ಅವರು ಒಂದೊಂದೇ ಕಾಟಾ ಪರೀಕ್ಷಿಸಿ “ಪರ್ಫೆಕ್ಟ್” ಎಂದರು.

“ಎರಡೂ ಒಟ್ಟಿಗೆ ಒತ್ತಿ ನೋಡೋಣ್ರಿ, ಸರ್,” ಎಂದೆ.

ಒಂದರ ಮೇಲೆ ಕಲ್ಲು, ಇನ್ನೊಂದರ ಮೇಲೆ ಅಂಡಿಗೆ. ನಾನು ಕೈಸನ್ನೆ ಮಾಡಿದೊಡನೆ ಶರಣಪ್ಪ, ಗುಮಾಸ್ತ ಇಬ್ಬರೂ ಒತ್ತಬೇಕು. ಒತ್ತಿದರು, ಒತ್ತಿದರು, ಎಲ್ಲ ಸರಿ. ಎಂಜಿನಿಯರು ಆಕಳಿಸಿದರು. ಮ್ಯಾನೇಜರ ನೋಟ ನನ್ನ ಮೇಲಿಂದ ಸರಿಯಲಿಲ್ಲ. ಚಹಾ ಬಂದು ಹೋಯಿತು. ಆಮೇಲೆ ಒಂದು ಸಲ ಎರಡು ಚೀಟಿ ಬಂದವು: ಕಲ್ಲಿಗೂ ಅಂಡಿಗೆಗೂ ಒಂದೇ ತೂಕ!

ಎಂಜಿನಿಯರು ಎದ್ದು ನಿಂತರು. “ತಪ್ಪು ಡಿವೈಸ್ ಡ್ರೈವರ್‌ನಲ್ಲಿದೆ.” (ಡ್ರೈವರ್ ಎಂದ ಕೂಡಲೇ ಬಾಗಿಲಲ್ಲಿದ್ದ ನಮ್ಮ ಲಾರಿಯವನು “ನಾ ಏನ್ ಮಾಡೀನ್ರಿ?” ಎಂದ. ಮಿಲ್ಲಿನಲ್ಲಿ ಎಲ್ಲರಿಗೂ ಅಷ್ಟು ಭಯ.)

ಕಾಟಾದ ಜೊತೆ ಮಾತಾಡಲು ಆಪರೇಟಿಂಗ್ ಸಿಸ್ಟಮ್ ಒಳಗೆ ಇರುವ ಸಣ್ಣ ಪ್ರೋಗ್ರಾಮೇ ಈ ಡ್ರೈವರ್. ಅದು ಬಂದ ತೂಕವನ್ನು ಮೆಮೊರಿಯ ಒಂದು ಜಾಗದಲ್ಲಿ ಇಟ್ಟು, ಅಲ್ಲಿಂದ ಓದಿ ಚೀಟಿಗೆ ಕಳಿಸುತ್ತದೆ. ಎರಡೂ ಕಾಟಾಗೆ ಒಂದೇ ಜಾಗ! ಮೊದಲಿನದನ್ನು ಓದುವ ಮುಂಚೆಯೇ ಎರಡನೆಯ ತೂಕ ಬಂದರೆ ಮೊದಲಿನದು ಅಳಿಸಿಹೋಗುತ್ತದೆ. ಆಗ ಎರಡು ಚೀಟಿಗೂ ಒಂದೇ ತೂಕ. ಸೆಕೆಂಡಿನ ಸಾವಿರದಲ್ಲೊಂದು ಪಾಲು ಹಿಂದೆಮುಂದಾದರೂ ಎಲ್ಲ ಸರಿ. ಇದಕ್ಕೆ ರೇಸ್ ಕಂಡಿಷನ್ ಎನ್ನುತ್ತಾರಂತೆ. ಒಂದು ಓದಿ ಮುಗಿಯುವವರೆಗೆ ಇನ್ನೊಂದು ಕಾಯುವ ಹಾಗೆ ಅವರು ಪ್ರೋಗ್ರಾಮು ತಿದ್ದಿದರು. ತಪ್ಪು ಮತ್ತೆ ಬರಲಿಲ್ಲ.

ಯಂಕಮ್ಮನನ್ನು ಮತ್ತೆ ಕೆಲಸಕ್ಕೆ ಕರೆಯಲು ಮ್ಯಾನೇಜರು ಒಪ್ಪಿದರು. ಮಾನ್ವಿ ಬಸ್ಸು ಹತ್ತಿ ಕಲ್ಲೂರಿಗೆ ಹೋದೆ. ಯಂಕಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

“ಕಳ್ಳಿ ಅಂದದ್ದು ಹಮಾಲರೆಲ್ಲರ ಮುಂದ. ಅಲ್ಲ ಅನ್ನೋದನ್ನೂ ಅವರ ಮುಂದನ ಹೇಳ್ತಾರೇನ್ರಿ?”

ಮ್ಯಾನೇಜರನ್ನು ಕೇಳಿದೆ. “ಕೆಲಸ ಕೊಡಾಕತ್ತೀನಲ್ಲ, ಮತ್ತ ಭಾಷಣ ಯಾಕ?” ಎಂದರು.

ಅವಳು ಬರಲಿಲ್ಲ. ಮಾನ್ವಿಯಲ್ಲಿ ಟೈಪಿಂಗ್ ಕಲಿತು ಬೇರೆ ಕಡೆ ಕೆಲಸ ಹಿಡಿದಳೆಂದು ಆಮೇಲೆ ಕೇಳಿದೆ. ಶರಣಪ್ಪನಿಗೆ ಯಾರೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ ಬಿಡಿ, ಅವನದೂ ತಪ್ಪಿರಲಿಲ್ಲ.

ಆ ತಪ್ಪು ಆಗಬೇಕಾದರೆ ಎರಡು ಕಾಟಾ ಬೇಕಿತ್ತು. ಅನುಮಾನ ಪಡಲು ಮಾತ್ರ ನಮಗೆ ಒಂದೇ ಹೇಗೆ ಸಾಕಾಯಿತು?