ಟಿವಿ ಡಾಕ್ಟರುಗಳಿಗೆ ಬೈಯುತ್ತಿದ್ದ ಗೌರಮ್ಮತ್ತೆ

ಧಾರಾವಾಹಿ ಶುರುವಾಗುವ ಹೊತ್ತಿಗೆ ಗೌರಮ್ಮತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಗಳಕ್ಕೆ ಬಂದವಳಂತೆ ಟಿವಿಯ ಮುಂದೆ ಕೂರುತ್ತಿದ್ದಳು. ಅವಳು ನನ್ನ ಅಪ್ಪನ ತಂಗಿ. ಕೊಟ್ಟೂರಿನಲ್ಲಿ ನಮ್ಮ ಪಕ್ಕದ್ದೇ ಮನೆ. ಅಲ್ಲೂ ಟಿವಿ ಇತ್ತು. ಆದರೆ ಒಬ್ಬಳೇ ಕೂತು ಬೈಯುವುದರಲ್ಲಿ ಏನು ಸುಖವೆಂದು ನಮ್ಮಲ್ಲಿಗೇ ಬರುತ್ತಿದ್ದಳು. ಎಳೆಯ ಡಾಕ್ಟರುಗಳ ಆ ಆಸ್ಪತ್ರೆ ಧಾರಾವಾಹಿ ನನಗೂ ಮಗಳಿಗೂ ಇಷ್ಟ. ಅದರ ಒಂದು ಕಂತನ್ನೂ ಅವಳು ನಮಗೆ ನೆಮ್ಮದಿಯಿಂದ ನೋಡಗೊಡಲಿಲ್ಲ.

ಅವಳ ಗಂಡ, ನಮ್ಮ ಮಾವನ ಕಿಡ್ನಿ ಕೆಟ್ಟ ಮೇಲೆ ವರ್ಷಗಟ್ಟಲೆ ಅವರನ್ನು ಡಯಾಲಿಸಿಸ್‌ಗೆಂದು ದಾವಣಗೆರೆಗೆ ಬಸ್ಸಿನಲ್ಲಿ ಕರೆದುಕೊಂಡು ಓಡಾಡಿದವಳು ಅವಳು. ಪರದೆಯ ಆಸ್ಪತ್ರೆಯಲ್ಲಿ ಅವಳಿಗೆ ಯಾವುದೂ ಸರಿ ಕಾಣುತ್ತಿರಲಿಲ್ಲ. ವರಾಂಡದಲ್ಲಿ ಚಾಪೆ ಹಾಸಿ ಮಲಗಿದವರಿಲ್ಲ, ಪೇಷಂಟಿನ ಕಡೆಯವರೇ ಇಲ್ಲ, ಡಾಕ್ಟರುಗಳ ಬಿಳಿ ಕೋಟಿಗೆ ಒಂದು ಸುಕ್ಕಿಲ್ಲ.

ಒಂದು ಸಂಜೆಯ ಕಂತಿನಲ್ಲಿ ಎದೆನೋವಿನ ಮುದುಕಿಯೊಬ್ಬಳು ಮಲಗಿದ್ದಳು. ಮಂಚದ ಈಚೆ ಡಾಕ್ಟರ ಹುಡುಗ, ಆಚೆ ಡಾಕ್ಟರ ಹುಡುಗಿ. ಮುನಿಸಿಕೊಂಡಿದ್ದ ಇಬ್ಬರೂ ಮುದುಕಿಯ ಮೇಲಿಂದಲೇ ಪ್ರೀತಿ ಹೇಳಿಕೊಳ್ಳತೊಡಗಿದರು. ಹಿಂದೆ ಪಿಟೀಲು. ನನ್ನ ಮಗಳ ಕಣ್ಣು ತುಂಬಿತ್ತು.

"ಲೇ ತಮ್ಮಾ, ಮುದುಕಿ ಉಸಿರು ಸಿಗದ ಬಿದ್ದಾಳ. ಮೊದ್ಲು ಆಕಿನ್ನ ನೋಡು. ಆಮ್ಯಾಲೆ ಲಗ್ನದ ಮಾತಾಡುವಂತಿ" ಎಂದಳು ಅತ್ತೆ.

ಇದು ಬರೀ ಕಥೆ ಅಜ್ಜಿ ಎಂದು ಮಗಳು ರೇಗಿದಳು. ಕಥೆಯಾದರೆ ಪಾರ್ಕಿಗೆ ಹೋಗಿ ಮಾತಾಡಲಿ, ಮುದುಕಿಯನ್ನು ಯಾಕೆ ಮಲಗಿಸಿದರು ಎಂದು ಅತ್ತೆ. ತಲೆಕೆಟ್ಟು ನಾನು ಟಿವಿ ಆರಿಸಿದೆ. ಅದಕ್ಕೂ ಬೈಸಿಕೊಂಡೆ. ಮುದುಕಿ ಉಳಿದಳೋ ಇಲ್ಲವೋ ಅವಳಿಗೆ ಗೊತ್ತಾಗಬೇಕಿತ್ತಂತೆ.

ಹೋದ ವರ್ಷ ಅವಳಿಗೇ ಎದೆನೋವು ಬಂತು. ದಾವಣಗೆರೆಯ ಒಂದು ಆಸ್ಪತ್ರೆಗೆ ಸೇರಿಸಿ ನಾನು ಜೊತೆಗಿದ್ದೆ. ರಕ್ತ ತೆಗೆಯಲು ಬಂದ ಡಾಕ್ಟರು ಇನ್ನೂ ಕಲಿಯುತ್ತಿದ್ದ ಹುಡುಗಿ. ಸೂಜಿ ಚುಚ್ಚಿದಳು, ನರ ಸಿಗಲಿಲ್ಲ. ಮತ್ತೆ ಚುಚ್ಚಿದಳು, ಸಿಗಲಿಲ್ಲ. ಅತ್ತೆ ಇನ್ನು ಬಾಯಿ ಬಿಡುತ್ತಾಳೆಂದು ನಾನು ಕಣ್ಣು ಮುಚ್ಚಿಕೊಂಡೆ.

"ಉಂಡೀಯೇನವ್ವಾ?" ಎಂದಳು ಅತ್ತೆ.

ಬೆಳಗಿನಿಂದ ಆಗಿಲ್ಲವೆಂದಳು ಹುಡುಗಿ.

"ಮತ್ತ ಕೈ ನಡುಗದ ಏನ್ ಮಾಡ್ತಾವು. ಕುಂದ್ರು."

ನನ್ನಿಂದ ರೊಟ್ಟಿಯ ಗಂಟು ಬಿಚ್ಚಿಸಿದಳು. ಹುಡುಗಿ ಬಾಗಿಲ ಕಡೆ ನೋಡುತ್ತಾ ನಿಂತೇ ಶೇಂಗಾ ಚಟ್ನಿ ಹಚ್ಚಿ ತಿಂದಳು. ಆಮೇಲೆ ನರ ಸಿಕ್ಕಿತು. ಅಲ್ಲಿರುವತನಕ ಅವಳು ಬಂದು ನಿಲ್ಲುವುದು, ಅತ್ತೆ ಅವಳನ್ನು ಬೈಯುವುದು ನಡೆದೇ ಇತ್ತು. ಕೂದಲು ಬಿಗಿದು ಕಟ್ಟು, ದೊಡ್ಡ ಡಾಕ್ಟರ ಮುಂದೆ ಗುಣುಗುಣು ಅನ್ನಬೇಡ ಎಂದು.

ಊರಿಗೆ ಬಂದ ಅತ್ತೆ ಕೆಲವು ವಾರ ಮತ್ತೆ ನಮ್ಮ ಧಾರಾವಾಹಿ ಕೆಡಿಸಿದಳು. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ.

ತಿಂಗಳು ಕಳೆದ ಮೇಲೆ ಆ ಹುಡುಗಿ ಫೋನು ಮಾಡಿದಳು. ತೋರಿಸಲು ಬರುವ ದಿನ ದಾಟಿತು, ಅಜ್ಜಿ ಯಾಕೆ ಬಂದಿಲ್ಲ ಎಂದು ಕೇಳಿದಳು. ಅತ್ತೆ ತೀರಿಕೊಂಡಳೆಂದು ಹೇಳಿದೆ. ಗುಳಿಗೆ ತಪ್ಪಿಸುತ್ತಿರಲಿಲ್ಲ ತಾನೇ ಎಂದಳು. ಇಲ್ಲವೆಂದೆ.

"ಹಂಗಾದ್ರೆ ನಾನು ಇನ್ನೇನಾದ್ರೂ ನೋಡಬೇಕಿತ್ತೇನ್ರೀ, ಅಕ್ಕಾ?"

"ಇಲ್ಲವ್ವಾ. ಚಲೋ ನೋಡ್ಕೊಂಡಿ" ಎಂದೆ.

ಫೋನಿಡುವ ಮೊದಲು, ಉಂಡೀಯೇನವ್ವಾ ಎಂದು ಕೇಳಿದೆ.